ಚಿನ್ನದ ರೇಕು ಎಲ್ಲಿ ಕೂರಬೇಕು: ಮೈಸೂರು ಶೈಲಿಯಲ್ಲಿ ಬರೆಸಿದ ಮಾದಪ್ಪನ ಪಟ

ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರವೊಂದನ್ನು ಹೇಳಿ ಬರೆಸಿ, ಮನೆಯ ಗೋಡೆಗೆ ಹಾಕಿಸಿ, ಬೆಳಗಿನ ಬಿಸಿಲಿನಲ್ಲಿಯೂ ರಾತ್ರಿಯ ದೀಪದಲ್ಲಿಯೂ ಚೆನ್ನಾಗಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಚಿತ್ರ ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲವಿದೆ. ತೇಗದ ಚೌಕಟ್ಟು, ಗಾಜು ಎಲ್ಲ ಸೇರಿ 22,000 ರೂಪಾಯಿ ಆಯಿತು. ಬರೆದವರು ಮೈಸೂರಿನ ಹಳೆಯ ಮೊಹಲ್ಲಾವೊಂದರಲ್ಲಿ ಮನೆಯ ಮುಂಗೋಣೆಯಲ್ಲೇ ಕುಳಿತು ಕೆಲಸ ಮಾಡುವ ಹಿರಿಯ ಚಿತ್ರಗಾರರು. ಮೆಚ್ಚುಗೆಯ ಜೊತೆಗೆ ಒಂದೆರಡು ಆಕ್ಷೇಪಣೆಗಳೂ ಇರುವುದರಿಂದ ಅವರ ಹೆಸರನ್ನು ಇಲ್ಲಿ ಕೊಡುತ್ತಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಮುಂಗಡ ಕೊಟ್ಟಿದ್ದೆ, ದಸರೆಗೆ ಮೊದಲೇ ಪಟ ಕೈಸೇರಿತು.

ಇಂತಹ ಚಿತ್ರಗಾರರ ಬಳಿ ಜನ ಸಾಮಾನ್ಯವಾಗಿ ಬರೆಸುವುದು ರಾಜರಾಜೇಶ್ವರಿ, ಸರಸ್ವತಿ, ಗಜಲಕ್ಷ್ಮಿ, ನವನೀತ ಕೃಷ್ಣ ಮತ್ತು ಶ್ರೀರಾಮ ಪಟ್ಟಾಭಿಷೇಕ. ನಾನು ಕೇಳಿದ್ದು ಹುಲಿಯ ಮೇಲೆ ಕುಳಿತ ಮಲೆಯ ಮಾದಪ್ಪನನ್ನು ಮತ್ತು ಅವನ ಪಕ್ಕದಲ್ಲಿ ಗುಡಿಸಲ ಬಾಗಿಲಲ್ಲಿರುವ ಸಂಕಮ್ಮನನ್ನು. ನಮ್ಮ ಅತ್ತೆಯವರ ತವರು ಮಳವಳ್ಳಿ ಸೀಮೆ, ಅವರ ಮನೆದೇವರು ಮಾದಪ್ಪ. ಆದ್ದರಿಂದ ಭಕ್ತಿ ಒಂದು ಕಾರಣವೆನ್ನಬಹುದು. ಆದರೆ ನನ್ನ ಮನಸ್ಸನ್ನು ಬಹಳ ಕಾಲದಿಂದ ಕಾಡುತ್ತಿದ್ದುದು ಇನ್ನೊಂದು ಮಾತು. ಕಾಲವನ್ನು ಗೆದ್ದು ಉಳಿದ ಕಲೆಯೆಲ್ಲ ಉಳ್ಳವರ ಕಲೆ, ಅದರಲ್ಲಿ ಕಾಣುವುದೆಲ್ಲ ಅರಸರ, ಅಗ್ರಹಾರಗಳ, ದಂಡನಾಯಕರ ಮೌಲ್ಯಗಳೇ, ಬಡವರ ಕಲೆ ಹುಲ್ಲಿನ ಚಾವಣಿಯಂತೆ ಒಂದೆರಡು ಮಳೆಗಾಲಕ್ಕೆ ಕರಗಿಹೋಗುತ್ತದೆ ಎಂಬ ಮಾತು ಅದು. ಓದಿಕೊಂಡವರು, ಬಡವರ ಪರವಾಗಿ ನಿಜವಾಗಿ ನೋಯುವವರು ಇದನ್ನು ಹೇಳುವುದನ್ನು ಕೇಳಿದ್ದೇನೆ. ಮೈಸೂರು ಚಿತ್ರಕಲೆಯಷ್ಟು ಈ ವಾದಕ್ಕೆ ಒಗ್ಗುವ ಉದಾಹರಣೆ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ: ಆಸ್ಥಾನದಲ್ಲಿ ಬೆಳೆದ ಕಲೆ, ಚಿನ್ನ ಬಳಸುವ ಕಲೆ, ಸಿಂಹಾಸನವನ್ನೂ ಪ್ರಭಾವಳಿಯನ್ನೂ ಬಿಟ್ಟರೆ ಮಾತೇ ಬಾರದ ಕಲೆ ಎಂದು ಅನೇಕರು ತಿಳಿದಿರುವ ಕಲೆ. ಈ ಕಲೆಯ ಕೈಯಿಂದಲೇ, ಕಂಸಾಳೆ ಎಂಬ ತಾಳ ಹಿಡಿದು ಮಾದಪ್ಪನನ್ನು ಹಾಡುವವರ ಕಥೆಯೊಂದನ್ನು ಬರೆಸಿದರೆ ಏನಾಗುತ್ತದೆ ಎಂದು ನೋಡುವ ಆಸೆ ನನಗಿತ್ತು.

ಮೊದಲು ಕೆಲಸದ ಗುಣಮಟ್ಟದ ವಿಷಯ. ಹಲಗೆಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಕಾಗದ ಅಂಟಿಸಿ ಒಣಗಿಸಿದ ನೆಲೆಯ ಮೇಲೆ ಚಿತ್ರ ಶುರುವಾಗುತ್ತದೆ. ಹಿಂದೆ ಹುಣಸೆ ಕಡ್ಡಿಯನ್ನು ಸುಟ್ಟು ಆ ಇದ್ದಿಲಿನಿಂದ ಮೊದಲ ರೇಖೆ ಎಳೆಯುತ್ತಿದ್ದರು. ನಮ್ಮ ಚಿತ್ರಗಾರರು ಈಗ ಪೆನ್ಸಿಲ್ ಬಳಸುತ್ತಾರೆ, ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮೊದಲು ಹಿನ್ನೆಲೆಯ ಆಕಾಶ, ಬೆಟ್ಟ, ಗಿಡಮರ, ಆಮೇಲೆ ಮೂರ್ತಿಗಳು, ಮುಖ, ಕಣ್ಣು ಕಟ್ಟಕಡೆಗೆ. ಆಭರಣ, ಪ್ರಭಾವಳಿ, ಸೀರೆಯ ಅಂಚು ಇಂತಹ ಕಡೆಗಳಲ್ಲಿ ಸಫೇದ ಪುಡಿ, ಮಕ್ಕಿ ಮತ್ತು ಅಂಟನ್ನು ಸೇರಿಸಿ ನುಣ್ಣಗೆ ಅರೆದ ಮಕ್ಕಿ ಸಫೇದವನ್ನು ಸಣ್ಣ ಕುಂಚದಿಂದ ಇಟ್ಟು ಉಬ್ಬು ತರುತ್ತಾರೆ. ಅದು ಆರಿದ ಮೇಲೆ ಚಿನ್ನದ ರೇಕನ್ನು, ಅಂದರೆ ಚಿನ್ನದ ತೆಳು ಹಾಳೆಯನ್ನು, ಕೂರಿಸಿ, ತೆಳು ಕಾಗದ ಮುಚ್ಚಿ, ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ತಂಜಾವೂರಿನ ಪಟಗಳಲ್ಲಿ ಉಬ್ಬು ದಪ್ಪ, ಗಾಜಿನ ಹರಳುಗಳ ಮೆರುಗು ಹೆಚ್ಚು. ಮೈಸೂರಿನದರಲ್ಲಿ ಉಬ್ಬು ಬಹಳ ತೆಳು, ಬೆರಳು ಸವರಿದರೆ ಮಾತ್ರ ತಿಳಿಯುವಷ್ಟು. ನನ್ನ ಪಟದಲ್ಲಿ ಆ ಹದ ಸೊಗಸಾಗಿ ಬಂದಿದೆ. ರೇಕಿನ ಅಂಚು ಎಲ್ಲಿಯೂ ಎದ್ದಿಲ್ಲ, ಉಬ್ಬಿನ ಮೇಲೆ ಬಿರುಕಿಲ್ಲ, ಮಾದಪ್ಪನ ಜಡೆಯ ಒಂದೊಂದು ಎಳೆಯೂ ಪ್ರತ್ಯೇಕವಾಗಿ ಕಾಣುತ್ತದೆ. ಹುಲಿಯ ಮೂತಿಯ ಮೀಸೆಯನ್ನು ಬರೆದ ಕುಂಚಕ್ಕೆ ಎಷ್ಟು ಕೂದಲಿತ್ತೋ ಎನ್ನಿಸುವಷ್ಟು ನಯ. ಪ್ರವಾಸಿಗರ ಅಂಗಡಿಗಳಲ್ಲಿ ಮುದ್ರಿಸಿದ ಚಿತ್ರದ ಮೇಲೆ ಚಿನ್ನದ ಬಣ್ಣದ ಹಾಳೆಯನ್ನು ಮೆತ್ತಿ ಇದೇ ಹೆಸರಿನಲ್ಲಿ ಮಾರುವುದನ್ನು ನೋಡಿದ್ದೇನೆ. ಈ ಕಲೆಗೆ 2005ರಲ್ಲಿಯೇ ಭೌಗೋಳಿಕ ಸೂಚಿಕೆ ದೊರೆತಿದ್ದರೂ ಕೊಳ್ಳುವವರ ಕಣ್ಣು ಪಳಗದೆ ಅದು ಯಾರನ್ನೂ ಕಾಯುವುದಿಲ್ಲ.

ಚಿತ್ರ ಒಪ್ಪಿಸಿದ ದಿನವಲ್ಲ, ಕೇಳಿದ ದಿನವೇ ಮೊದಲ ತೊಡಕು ಎದುರಾಯಿತು. ಚಿತ್ರಗಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀಬಹುದು ಮೇಡಂ, ಆದ್ರೆ ಇದಕ್ಕೆ ಧ್ಯಾನಶ್ಲೋಕ ಇಲ್ವಲ್ಲ, ಎಲ್ಲಿಂದ ಹಿಡಿಯೋದು?" ಎಂದರು. ಅವರ ಕಲಿಕೆಯಲ್ಲಿ ದೇವತೆಯೊಂದಕ್ಕೆ ಕೈಗಳೆಷ್ಟು, ಆಯುಧ ಯಾವುದು, ಮೈಬಣ್ಣ ಯಾವುದು, ಕುಳಿತ ಭಂಗಿ ಹೇಗೆ ಎಂಬುದೆಲ್ಲ ಶ್ಲೋಕದಿಂದ ಬರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಒಂಬತ್ತು ನಿಧಿಗಳಾಗಿ ಸಿದ್ಧಪಡಿಸಿದ ಶ್ರೀತತ್ತ್ವನಿಧಿಯಲ್ಲಿ ಅಂತಹ ಶ್ಲೋಕಗಳೂ ಅವಕ್ಕೆ ತಕ್ಕ ಚಿತ್ರಗಳೂ ಇವೆ. ಇಂದಿಗೂ ಮೈಸೂರಿನ ಚಿತ್ರಗಾರರು ಸಂದೇಹ ಬಂದಾಗ ನೋಡುವುದು ಅದನ್ನೇ. ಮಾದಪ್ಪನಿಗೆ ಅಂತಹ ಶ್ಲೋಕದ ಅಗತ್ಯ ಬಿದ್ದಿಲ್ಲ. ಬಸ್ಸಿನ ಗಾಜಿನ ಮೇಲೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ, ಕ್ಯಾಲೆಂಡರಿನಲ್ಲಿ ಹುಲಿವಾಹನನಾಗಿ ಅವನು ಎಲ್ಲರಿಗೂ ಪರಿಚಿತ. ಕೊನೆಗೆ ಅತ್ತೆಯವರ ಮನೆಯ ಹಳೆಯ ಕ್ಯಾಲೆಂಡರ್ ಪಟವೊಂದನ್ನು ಆಧಾರವಾಗಿ ಕೊಟ್ಟೆ. ಆಸ್ಥಾನದ ಕಲೆ ಬೀದಿಯ ಅಚ್ಚಿನ ಪಟವನ್ನು ಎದುರಿಗಿಟ್ಟುಕೊಂಡು ಕಲಿಯಲು ಕುಳಿತದ್ದನ್ನು ನಾನು ನಿಜವಾದ ಗೌರವದಿಂದ ನೋಡಿದೆ. ಹಿರಿಯರು ಒಂದಿಷ್ಟೂ ಬಿಗುಮಾನ ತೋರಲಿಲ್ಲ.

ಆಸ್ಥಾನದ ಕಲೆ ಎಂದರೆ ಅಧಿಕಾರದ ಕಲೆ ಎಂದುಕೊಳ್ಳುವವರು ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಮುಮ್ಮಡಿಯವರು ಬಾಲಕರಾಗಿ 1799ರಲ್ಲಿ ಪಟ್ಟಕ್ಕೆ ಬಂದರು; 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು; 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಹಿಂತಿರುಗಲಿಲ್ಲ. ಜಗನ್ಮೋಹನ ಅರಮನೆ ಕಟ್ಟಿಸಿದ್ದು 1861ರಲ್ಲಿ, ಅಂದರೆ ರಾಜ್ಯದ ಕಂದಾಯವಾಗಲಿ ಸೈನ್ಯವಾಗಲಿ ಅವರ ಮಾತಿಗೆ ನಡೆಯದೆ ಇದ್ದ ಕಾಲದಲ್ಲಿ. ಮೈಸೂರು ಶೈಲಿಯ ಸಿರಿ ಎಂದು ನಾವು ಇಂದು ಕರೆಯುವ ಬಹಳಷ್ಟು ಕೆಲಸ, ಆಳುವ ಕೆಲಸವಿಲ್ಲದ ಅರಸನೊಬ್ಬನ ಆಶ್ರಯದಲ್ಲಿ ನಡೆಯಿತು. ವಂಶಾವಳಿಯನ್ನು ತಾವರೆಯ ದಳಗಳಲ್ಲಿ ಬರೆಸಿದ, ದೇವತೆಗಳನ್ನೆಲ್ಲ ಸಿಂಹಾಸನದ ಮೇಲೆ ಕೂರಿಸಿದ ಆ ಚಿತ್ರಗಳಲ್ಲಿ ನನಗೆ ಕಾಣುವುದು ಅಧಿಕಾರದ ಗತ್ತಿಗಿಂತ ಅದನ್ನು ಕಳೆದುಕೊಂಡವನ ಹಂಬಲ. ಮೇಲಿನವರ ಮೌಲ್ಯ ಎಂದು ಒಂದೇ ಮಾತಿನಲ್ಲಿ ಕಟ್ಟಿಹಾಕುವಷ್ಟು ಸರಳವಾದ ಭಾವ ಅದಲ್ಲ. ಆದರೂ ಆ ಹಂಬಲಕ್ಕೆ ಚಿನ್ನದ ರೇಕು ಕೊಳ್ಳುವ ಶಕ್ತಿಯಿತ್ತು ಎಂಬುದನ್ನೂ ಮರೆಯಬಾರದು. ಅದೇ ಕಾಲದಲ್ಲಿ ರಾಗಿ ಬೀಸುತ್ತ ಹಾಡಿದ ಹೆಂಗಸಿನ ಹಂಬಲವೂ ಅಷ್ಟೇ ದೊಡ್ಡದಿದ್ದೀತು. ಅದಕ್ಕೆ ಹಲಗೆಯಾಗಲಿ ಕಾಗದವಾಗಲಿ ಸಿಗಲಿಲ್ಲ.

ಸಂಕಮ್ಮನನ್ನೇ ಏಕೆ ಆರಿಸಿದೆ ಎಂಬುದನ್ನು ಹೇಳಲೇಬೇಕು. ಮಾದೇಶ್ವರನ, ಅಂದರೆ ಮಾದಪ್ಪನ, ಕಥೆಯನ್ನು ಅವನ ಹಾಡುಗಾರರಾದ ದೇವರಗುಡ್ಡರು ಸಾಲು ಎಂಬ ಭಾಗಗಳಾಗಿ ಹಾಡುತ್ತಾರೆ: ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಜುಂಜೇಗೌಡನ ಸಾಲು. ಅವುಗಳಲ್ಲಿ ಸಂಕಮ್ಮನ ಸಾಲು ಬಂದಾಗ ಕೇಳುವ ಹೆಂಗಸರು ಮುಂದಕ್ಕೆ ಸರಿದು ಕೂರುವುದನ್ನು ಮಳವಳ್ಳಿ ಕಡೆಯ ಊರುಗಳಲ್ಲಿ ಕಂಡಿದ್ದೇನೆ. ಕಾಡಿನ ಬುಡಕಟ್ಟಾದ ಸೋಲಿಗರ ನೀಲಯ್ಯ ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಶೀಲದ ಬಗ್ಗೆ ಶಂಕೆಪಟ್ಟು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಎಷ್ಟು ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಕಾಡಿನ ನಡುವಿನ ಗುಡಿಸಲಲ್ಲಿ ಅವಳನ್ನು ಕೂಡಿಹಾಕಿ ಅವನು ಹೊರಟುಹೋದ ಮೇಲೆ ಮಾದಪ್ಪ ಬರುತ್ತಾನೆ, ನೋವು ನೀಗುತ್ತಾನೆ, ಕಾರಯ್ಯ ಬಿಲ್ಲಯ್ಯರೆಂಬ ಇಬ್ಬರು ಮಕ್ಕಳ ಫಲ ಕೊಡುತ್ತಾನೆ. ಮೈಸೂರು ಶೈಲಿಯ ಬಹು ಪ್ರಸಿದ್ಧ ರಚನೆಯಾದ ಪಟ್ಟಾಭಿರಾಮನ ಪಕ್ಕದಲ್ಲಿ ಈ ಕಥೆಯನ್ನು ಇಟ್ಟು ನೋಡಿ. ಅಲ್ಲಿ ಬೆಂಕಿಗೆ ಬಿದ್ದು ತನ್ನನ್ನು ಸಾಬೀತುಪಡಿಸಿಕೊಂಡು ಬಂದ ಸೀತೆ ಸಿಂಹಾಸನದ ಮೇಲೆ ಕುಳಿತಿದ್ದಾಳೆ. ಇಲ್ಲಿ ಸಾಬೀತುಪಡಿಸಲು ಒಲ್ಲೆನೆಂದವಳು ಗುಡಿಸಲಲ್ಲಿದ್ದಾಳೆ, ದೇವರೇ ಅವಳಿದ್ದಲ್ಲಿಗೆ ನಡೆದು ಬರುತ್ತಾನೆ. ಮೌಲ್ಯಗಳ ಅಂತರ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ನನಗೆ ಕಂಡಿಲ್ಲ. ಮತ್ತು ಇದೂ ಉಳಿದಿದೆ. ಬರೆದಿಟ್ಟ ಶ್ಲೋಕವಿಲ್ಲದೆ, ಶಾಸನವಿಲ್ಲದೆ, ನೂರಾರು ವರ್ಷ ಬಾಯಿಂದ ಬಾಯಿಗೆ ಬಂದಿದೆ.

ಈಗ ಚಿನ್ನದ ಪ್ರಶ್ನೆ. ಮೈಸೂರು ಚಿತ್ರದಲ್ಲಿ ಚಿನ್ನ ಎಲ್ಲಿ ಕೂರುತ್ತದೆ ಎಂಬುದರಿಂದಲೇ ಯಾರು ದೊಡ್ಡವರು ಎಂದು ಗೊತ್ತಾಗುತ್ತದೆ. ಕಿರೀಟ, ಪ್ರಭಾವಳಿ, ಸಿಂಹಾಸನ, ಒಡವೆ, ಕಂಬ, ಕಮಾನು. ಗುಡಿಸಲಿಗೆ ಚಿನ್ನ ಹಾಕುವಂತಿಲ್ಲ, ಜಡೆಗೆ ಹಾಕುವಂತಿಲ್ಲ, ಕಂಬಳಿಗೆ ಹಾಕುವಂತಿಲ್ಲ. ಹಾಗಾದರೆ ಚಿನ್ನವಿಲ್ಲದ ಮೈಸೂರು ಪಟವಾದೀತೇ ಎಂದು ಕೇಳಿದರೆ, "ಚಿನ್ನ ಇಲ್ದೆ ಇದ್ರೆ ಅದು ಬರೀ ಚಿತ್ರ ಮೇಡಂ" ಎಂದರು. ಬಹಳ ಯೋಚಿಸಿ ಅವರೇ ಒಂದು ದಾರಿ ಕಂಡುಕೊಂಡರು. ಚಿತ್ರದ ಕೆಳಗಿನ ಮೂಲೆಯಲ್ಲಿ ಇಬ್ಬರು ದೇವರಗುಡ್ಡರನ್ನು ಕೂರಿಸಿ, ಅವರ ಕೈಯಲ್ಲಿನ ಕಂಸಾಳೆಗಳಿಗೆ ರೇಕು ಇಟ್ಟರು. ಒಂದು ಕೈಯ ಬಟ್ಟಲಿನಂತಹ ತಾಳಕ್ಕೂ, ಇನ್ನೊಂದು ಕೈಯಲ್ಲಿ ಗೊಂಡೆಯ ಹಗ್ಗದಿಂದ ತೂಗುವ ಚಪ್ಪಟೆ ತಾಳಕ್ಕೂ ಉಬ್ಬು ಕೊಟ್ಟು, ಕಂಚಿನ ಜಾಗದಲ್ಲಿ ಚಿನ್ನ ಹೊಳೆಯುವಂತೆ ಮಾಡಿದ್ದಾರೆ. ಸಂಜೆ ದೀಪ ಹಾಕಿದರೆ ಇಡೀ ಪಟದಲ್ಲಿ ಮೊದಲು ಮಿಂಚುವುದು ಆ ನಾಲ್ಕು ತಾಳಗಳು, ಆಮೇಲೆ ಮಾದಪ್ಪನ ರುದ್ರಾಕ್ಷಿಯ ನಡುವಿನ ಗುಂಡುಗಳು. ನಾನು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಈ ಒಂದು ತೀರ್ಮಾನಕ್ಕೆ. ಇದನ್ನು ನಾನು ಸೂಚಿಸಿದ್ದಲ್ಲ, ನನಗೆ ಹೊಳೆಯುತ್ತಲೂ ಇರಲಿಲ್ಲ.

ಆಕ್ಷೇಪಣೆ ಇರುವುದು ಸಂಕಮ್ಮನ ಬಗ್ಗೆ. ಪಟ ಮನೆಗೆ ಬಂದಾಗ ಅತ್ತೆಯವರು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಮಾದಪ್ಪನಿಗೆ ಕೈಮುಗಿದರು, ಹುಲಿಯನ್ನು ಮೆಚ್ಚಿದರು, ಸಂಕಮ್ಮನ ಹತ್ತಿರ ಬಂದಾಗ ನಿಂತು, "ಸಂಕಮ್ಮ ಇಷ್ಟೊಂದ್ ವಡ್ವೆ ಹಾಕಂಡು ಗುಡ್ಲಲ್ಲಿ ಕೂತಿದ್ಲೇನವ್ವ?" ಎಂದರು. ಅವರು ಹೇಳಿದ್ದು ದಿಟ. ಕತ್ತಿಗೆ ಅಡ್ಡಿಕೆ, ತೋಳಿಗೆ ವಂಕಿ, ಸೊಂಟಕ್ಕೆ ಡಾಬು, ಮೂಗಿಗೆ ಮುತ್ತಿನ ನತ್ತು. ಮುಖವೂ ಗಜಲಕ್ಷ್ಮಿಯದೇ ಮುಖ: ಉದ್ದನೆಯ ಮೀನುಗಣ್ಣು, ತುಂಬಿದ ಕೆನ್ನೆ, ಹಾಲುಬಿಳುಪು ಮೈ. ಕಾಡಿನಲ್ಲಿ ಜೇನು, ಗೆಡ್ಡೆ ತಿಂದು ಬದುಕಿದ ಹೆಣ್ಣಿಗೆ ಅರಮನೆಯ ಮೈ ಕೊಟ್ಟಿದ್ದಾರೆ. ಒಯ್ದು ತೋರಿಸಿದಾಗ ಚಿತ್ರಗಾರರು ನೊಂದುಕೊಂಡೇ ಹೇಳಿದರು: "ದೇವ್ರ ಪಟದಲ್ಲಿ ಹೆಣ್ಮಗಳ್ನ ಬರಿಗೊರಳಲ್ಲಿ ಬರೆಯಕ್ಕೆ ನಮ್ ಕೈಗೇ ಬರಲ್ಲ ಮೇಡಂ. ನಮ್ಮಪ್ಪ ಹಾಗ್ ಕಲಿಸ್ಲಿಲ್ಲ."

ಉಳ್ಳವರ ಮೌಲ್ಯ ಕಲೆಯೊಳಗೆ ಎಲ್ಲಿ ಅಡಗಿರುತ್ತದೆ ಎಂದು ಆ ಮಾತಿನಿಂದ ನನಗೆ ತಿಳಿಯಿತು. ಇಂದು ಅವರಿಗೆ ಅರಸನ ಅಪ್ಪಣೆಯಿಲ್ಲ. ಹಣ ಕೊಟ್ಟವಳು ನಾನು, ಒಡವೆ ಬೇಡವೆಂದು ಕೇಳಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಆದರೆ ಇನ್ನೂರು ವರ್ಷದ ಹಿಂದಿನ ಆಸ್ಥಾನದ ರುಚಿ ಬೆರಳುಗಳಿಗೆ ಇಳಿದು ಅಲ್ಲಿಯೇ ಉಳಿದಿದೆ. ವಿಷಯವನ್ನು ಬದಲಿಸುವುದು ಸುಲಭ, ಕೈಯ ವಾಡಿಕೆಯನ್ನು ಬದಲಿಸುವುದು ಕಷ್ಟ. ಮಾದಪ್ಪನನ್ನು ಕ್ಯಾಲೆಂಡರಿನಿಂದ ತೆಗೆದುಕೊಂಡ ಕೈ, ಸಂಕಮ್ಮನನ್ನು ಮಾತ್ರ ಅರಮನೆಯಿಂದಲೇ ತಂದಿತು, ಏಕೆಂದರೆ ಅವಳಿಗೆ ಎದುರಿಗಿಟ್ಟುಕೊಳ್ಳಲು ಕ್ಯಾಲೆಂಡರೂ ಇರಲಿಲ್ಲ. ಮಾದರಿ ಇಲ್ಲದ ಕಡೆ ಹಳೆಯ ಮೌಲ್ಯ ತಾನೇ ಬಂದು ಕೂರುತ್ತದೆ. ಚಿತ್ರಗಾರರು ತಿದ್ದಿಕೊಡಲು ಒಪ್ಪಿದರು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಮೈಬಣ್ಣವನ್ನು ಕಪ್ಪುಗೆಂಪಿಗೆ ತಂದರು, ವಂಕಿ ಮತ್ತು ಡಾಬಿನ ಮೇಲೆ ಬಣ್ಣ ಹೊಡೆದು ಸೀರೆಯೊಳಗೆ ಸೇರಿಸಿದರು, ಕೊರಳಲ್ಲಿ ಕರಿಮಣಿಯೊಂದನ್ನು ಬಿಟ್ಟರು. ಆದರೆ ಮಕ್ಕಿ ಸಫೇದದ ಉಬ್ಬನ್ನು ಕೆರೆದರೆ ಕಾಗದ ಕಿತ್ತುಬರುತ್ತದೆ. ಆದ್ದರಿಂದ ಪಕ್ಕದಿಂದ ಬೆಳಕು ಬಿದ್ದಾಗ ಬಣ್ಣದ ಕೆಳಗೆ ಆ ಒಡವೆಗಳ ಆಕಾರ ಈಗಲೂ ಕಾಣುತ್ತದೆ. ಮುಖ ಹಾಗೆಯೇ ಇದೆ. ಇದನ್ನು ಕೊರತೆಯೆಂದೇ ಇಲ್ಲಿ ದಾಖಲಿಸುತ್ತೇನೆ.

ಹಾಗಾದರೆ ಆ ವಾದ ಗೆದ್ದಿತೇ? ಅರ್ಧ ಗೆದ್ದಿತು ಎಂದು ಒಪ್ಪುತ್ತೇನೆ. ಕಲ್ಲು, ಚಿನ್ನ, ಕಂಚು, ತಾಮ್ರದ ಶಾಸನ ಇವುಗಳನ್ನು ಕೊಳ್ಳಬಲ್ಲವರು ಕೆಲವರೇ, ಕೊಂಡವರು ತಮಗೆ ಬೇಕಾದುದನ್ನೇ ಬರೆಸಿದರು. ಆದರೆ ಕೊಂಡ ವಸ್ತು ಉಳಿಯುವುದು ಬರೆಸಿದವನ ಇಚ್ಛೆಯಿಂದಲ್ಲ. ಆಮೇಲೆ ಅದನ್ನು ನೋಡಿಕೊಂಡವರಿಂದ. ನಮ್ಮ ಸುತ್ತಮುತ್ತಲೇ ಇದಕ್ಕೆ ಸಾಕ್ಷಿಗಳಿವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಅದರ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ: ಚೌಕಾಕಾರದಲ್ಲಿ ಇಕ್ಕಟ್ಟಾಗಿ ನಿಂತ ಕೆಂಪು ಅಂಗಿಯ ಸೈನಿಕರು, ಮದ್ದಿನ ಗಾಡಿ ಸಿಡಿದ ಬೆಂಕಿ, ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಯ್ಲಿ. ಇಂಗ್ಲಿಷರಿಗೆ ನಾಚಿಕೆಯಾಗುವಂತಹ ಸೋಲಿನ ಚಿತ್ರವದು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅದೇ ಮನೆಯಲ್ಲಿ ವಾಸಿಸಿದ ಆರ್ಥರ್ ವೆಲ್ಲೆಸ್ಲಿ ಆ ಚಿತ್ರವನ್ನು ಮತ್ತೆ ಬರೆಸಿದನು, 1855ರಲ್ಲಿ ಲಾರ್ಡ್ ಡಾಲ್‌ಹೌಸಿ ಅದನ್ನು ಪುನಃ ಸರಿಪಡಿಸಲು ಆಜ್ಞೆ ಕೊಟ್ಟನು. ಗೆದ್ದವರು ತಮ್ಮ ಸೋಲಿನ ಚಿತ್ರವನ್ನು ಕಾಪಾಡಿದರು. ಬರೆಸಿದವನ ಹೆಮ್ಮೆಯನ್ನು ಅವನ ವೈರಿಗಳು ಉಳಿಸಿಕೊಟ್ಟರು. ಇಲ್ಲಿ ಯಾರ ಮೌಲ್ಯ ಉಳಿಯಿತು ಎಂದು ಹೇಳುವುದು ಸುಲಭವಲ್ಲ.

ಸೋಮನಾಥಪುರದ ಮಾತೂ ಹಾಗೆಯೇ. ಹೊಯ್ಸಳರ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೇ ಶತಮಾನದಲ್ಲಿ ಅಗ್ರಹಾರವನ್ನು ಮಾಡಿ, ಅದಕ್ಕೆ ತನ್ನ ಹೆಸರನ್ನೇ ಇಟ್ಟು, ಕೇಶವ ದೇವಾಲಯವನ್ನು ಕಟ್ಟಿಸಿ, ನಿತ್ಯಪೂಜೆ ನಡೆಯಲೆಂದು ದತ್ತಿ ಬಿಟ್ಟನು. ಪೂಜೆ ನಿಂತುಹೋಗಿ ಬಹಳ ಕಾಲವಾಯಿತು; ಅಗ್ರಹಾರ ಹೋಯಿತು; ದತ್ತಿಯ ಲೆಕ್ಕ ಶಾಸನದ ಕಲ್ಲಿನಲ್ಲಿ ಮಾತ್ರ ಇದೆ. 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಗುಡಿಯ ಸುತ್ತ ನಡೆಯುವವರು ಇಂದು ಬಗ್ಗಿ ಹುಡುಕುವುದು ವಿಗ್ರಹಗಳ ಪೀಠದಲ್ಲಿ ಕೆತ್ತಿದ ಮಲ್ಲಿತಮ್ಮನ ಹೆಸರನ್ನು. ಮಸಣಿತಮ್ಮ, ಚೌಡೆಯ, ನಂಜೆಯ ಎಂಬ ಹೆಸರುಗಳೂ ಅಲ್ಲಿವೆ. ಶಿಲ್ಪಿಗಳಿಗೆ ತಮ್ಮ ಹೆಸರು ಕೆತ್ತಲು ಬಿಟ್ಟದ್ದು ದಂಡನಾಯಕನ ದೊಡ್ಡತನವಿದ್ದೀತು. ಆದರೆ ಅವನು ಹಣ ಹೂಡಿದ ಮೌಲ್ಯ ಸವೆದು, ಉಳಿಯ ಕೆಲಸ ಮಾಡಿದವರ ಮೌಲ್ಯ ಮೇಲೆದ್ದು ನಿಂತಿದೆ.

ಎದುರು ದಿಕ್ಕಿನ ಉದಾಹರಣೆಯನ್ನೂ ಮುಚ್ಚಿಡಬಾರದು. ಉಳ್ಳವರು ಕಟ್ಟಿಸುವ ಗುಡಿಯನ್ನು ಪ್ರಶ್ನಿಸಿದ ಬಸವಣ್ಣನವರ ವಚನ ಎಲ್ಲರ ಬಾಯಲ್ಲಿದೆ. ಆ ವಚನಗಳು 12ನೇ ಶತಮಾನದ ಕಲ್ಯಾಣದ ಗಲಭೆಯಲ್ಲಿ ಚೆದುರಿದವು. 15ನೇ ಶತಮಾನದಲ್ಲಿ ಅವನ್ನು ಹುಡುಕಿ, ಓಲೆಗಳಲ್ಲಿ ಒಟ್ಟುಗೂಡಿಸುವ ಕೆಲಸಕ್ಕೆ ಆಸರೆಯಾದದ್ದು ವಿಜಯನಗರದ ಪ್ರೌಢದೇವರಾಯನ ಕಾಲ ಮತ್ತು ಲಕ್ಕಣ್ಣ ದಂಡೇಶನಂತಹ ಅಧಿಕಾರಿಗಳ ಬೆಂಬಲ. 20ನೇ ಶತಮಾನದಲ್ಲಿ ಅವುಗಳಿಗಾಗಿ ತಮ್ಮ ಗಳಿಕೆಯನ್ನೆಲ್ಲ ಸುರಿದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ದೊಡ್ಡವರನ್ನು ಪ್ರಶ್ನಿಸಿದ ಮಾತು ಕೂಡ ಎಷ್ಟೋ ಸಲ ದೊಡ್ಡ ಹುದ್ದೆಯಲ್ಲಿದ್ದವರ ಕೈ ಹಿಡಿದೇ ದಾಟಿಬಂದಿದೆ. ಮೈಸೂರಿನಲ್ಲಿಯೇ ನೋಡಿ: ರಾಜಕುಮಾರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀ ವಿಲಾಸವೇ ಜನಪದರ ಮರದ ಭೂತಗಳಿಗೂ ತೊಗಲುಬೊಂಬೆಗಳಿಗೂ ಕೃಷಿಯ ಸಲಕರಣೆಗಳಿಗೂ ವಸ್ತುಸಂಗ್ರಹಾಲಯವಾಯಿತು.

ಮಾದಪ್ಪನ ಕಥೆಯನ್ನು ಉಳಿಸಿಕೊಂಡವರು ಬೇರೆಯೇ ಬಗೆಯವರು. ದೇವರಗುಡ್ಡರಾಗುವುದೆಂದರೆ ದೀಕ್ಷೆ ಪಡೆದು, ಕಂಸಾಳೆ ಹಿಡಿದು, ಮನೆಮನೆಯ ಭಿಕ್ಷೆ ಬೇಡುತ್ತ ಕಥೆ ಹಾಡುವ ಹರಕೆಗೆ ಕಟ್ಟುಬೀಳುವುದು. ಮನೆಯಲ್ಲಿ ಕಥೆ ಮಾಡಿಸುವ ಒಕ್ಕಲು ರಾಗಿ, ಅಕ್ಕಿ, ಕಾಸು ಕೊಡುತ್ತಾರೆ. ರಾತ್ರಿಯಿಡೀ ನಡೆಯುವ ಹಾಡಿಗೆ ಮೇಳದವರು ಸೊಲ್ಲು ಕೊಡುತ್ತಾರೆ. ಇದೇ ಸೀಮೆಯ ಜನಪದ ಗುರು ಮಂಟೇಸ್ವಾಮಿಯ ಕಥೆಯನ್ನು ತಂಬೂರಿ, ಗಗ್ಗರ, ಡಕ್ಕೆಗಳೊಂದಿಗೆ ಹಾಡುವ ನೀಲಗಾರರದೂ ಇದೇ ಬಗೆ. ಮಂಡ್ಯ ಜಿಲ್ಲೆಯ ಬೊಪ್ಪೇಗೌಡನಪುರದಲ್ಲಿ ಅವರ ಗುರುವಿನ ಗದ್ದುಗೆಯಿದೆ. ಈ ಹಾಡುಗಾರರಿಗೆ ಸಿಗುವುದು ಖಜಾನೆಯಿಂದ ಬರುವ ದತ್ತಿಯಲ್ಲ, ಮೊರದಿಂದ ಬರುವ ದತ್ತಿ. ಲೋಕದ ದೇವರುಗಳನ್ನೆಲ್ಲ ಸೆರೆಹಿಡಿದು ಚಾಕರಿ ಮಾಡಿಸಿಕೊಂಡ ಶ್ರವಣ ದೊರೆಯನ್ನು ಕೊಲ್ಲಲು ಮಾದಪ್ಪ ಚಪ್ಪಲಿ ಹೊಲಿಯುವ ಹರಳಯ್ಯನ ಸಹಾಯ ಪಡೆದ ಕಥೆಯನ್ನು ಯಾವ ಆಸ್ಥಾನವೂ ಹಣ ಕೊಟ್ಟು ಬರೆಸಲಿಲ್ಲ. ಅದನ್ನು ಕೇಳಬೇಕೆಂದು ವರ್ಷವರ್ಷವೂ ಒಕ್ಕಲು ಮೊರ ತುಂಬಿಸಿದ್ದರಿಂದ ಅದು ಉಳಿಯಿತು. ಪಿ.ಕೆ. ರಾಜಶೇಖರ ಅವರಂತಹ ವಿದ್ವಾಂಸರು ಹಾಡುಗಾರರ ಎದುರು ಕುಳಿತು ಬರೆದುಕೊಂಡು ಅಚ್ಚು ಹಾಕಿಸಿದ್ದು ಬಹಳ ಆಮೇಲೆ. ಇಷ್ಟಾದರೂ ಆ ಕಥೆಯೊಳಗೆ ಕೂಡ ಬೆಟ್ಟದ ಮೇಲೆ ಗುಡಿ ಕಟ್ಟುವ ಹೊತ್ತಿಗೆ ಮಾದಪ್ಪ ಹುಡುಕಿಹೋಗುವುದು ಸಿರಿವಂತನಾದ ಆಲಂಬಾಡಿ ಜುಂಜೇಗೌಡನನ್ನು. ಕಲ್ಲಿನ ಕೆಲಸಕ್ಕೆ ಹಣವಂತ ಬೇಕೆಂಬುದು ಹಾಡಿದವರಿಗೂ ಗೊತ್ತಿತ್ತು. ಹಾಡಿಗೆ ಬೇಡವೆಂಬುದೂ ಗೊತ್ತಿತ್ತು.

ಇಷ್ಟನ್ನೆಲ್ಲ ಒಂದು ಪಟದ ವಿಮರ್ಶೆಯಲ್ಲಿ ಏಕೆ ಬರೆದೆನೆಂ­ದರೆ, ಇಂತಹ ಪಟವನ್ನು ಬರೆಸುವವರು ತಾವೂ ಒಬ್ಬ ಆಶ್ರಯದಾತರೆಂಬುದನ್ನು ಅರಿತಿರಬೇಕು. ಚಿತ್ರಗಾರರ ಕೈ ಏನನ್ನು ಅಭ್ಯಾಸ ಮಾಡುತ್ತದೆ ಎಂಬುದು ನಾವು ಏನನ್ನು ಕೇಳುತ್ತೇವೆ ಎಂಬುದರ ಮೇಲಿದೆ. ನಾವೆಲ್ಲ ರಾಜರಾಜೇಶ್ವರಿಯನ್ನೇ ಕೇಳುತ್ತಿದ್ದರೆ ಮುಂದಿನ ತಲೆಮಾರಿನ ಕೈಗೂ ಸಂಕಮ್ಮನ ಮುಖ ಒಲಿಯುವುದಿಲ್ಲ.

ಬರೆಸುವವರಿಗೆ ಕೆಲವು ಸೂಚನೆಗಳು. ಪೆನ್ಸಿಲ್ ರೇಖೆ ಮುಗಿದ ಕೂಡಲೇ ಒಮ್ಮೆ ಹೋಗಿ ನೋಡಿ. ಮಕ್ಕಿ ಸಫೇದ ಇಟ್ಟ ಮೇಲೆ ತಿದ್ದುವುದು ಕಷ್ಟವೆಂಬುದನ್ನು ಮೇಲೆ ಹೇಳಿದ್ದೇನೆ. ಒಡವೆ ಎಷ್ಟು, ಮೈಬಣ್ಣ ಯಾವುದು, ಚಿನ್ನ ಎಲ್ಲೆಲ್ಲಿ ಎಂಬುದನ್ನು ಆಗಲೇ ಮಾತಾಡಿಕೊಳ್ಳಿ. ವಾಡಿಕೆಯಲ್ಲಿಲ್ಲದ ವಿಷಯವಾದರೆ ಮಾದರಿಗೆ ಒಂದು ಚಿತ್ರವನ್ನೋ ಫೋಟೋವನ್ನೋ ಕೊಡಿ, ಎಲ್ಲ ಪಾತ್ರಗಳಿಗೂ ಕೊಡಿ. ರೇಕು ಅಸಲಿ ಚಿನ್ನದ್ದೇ ಎಂದು ಕೇಳಿ ತಿಳಿದುಕೊಳ್ಳಿ, ರಸೀದಿಯಲ್ಲಿ ಬರೆಸಿಕೊಳ್ಳಿ. ನಕಲಿ ಹಾಳೆ ಕೆಲವು ವರ್ಷಗಳಲ್ಲಿ ಕಪ್ಪಾಗುತ್ತದೆ. ಗಾಜು ಉಬ್ಬಿಗೆ ತಾಗದಂತೆ ಚೌಕಟ್ಟಿನಲ್ಲಿ ಸ್ವಲ್ಪ ಅಂತರ ಬಿಡಿಸಿ. ನೇರ ಬಿಸಿಲು, ಬಚ್ಚಲ ಮನೆಯ ಗೋಡೆ, ಹಸಿಬಟ್ಟೆ ಈ ಮೂರರಿಂದಲೂ ಪಟವನ್ನು ದೂರವಿಡಿ. ಪ್ಯಾಕಿಂಗ್ ವಿಷಯದಲ್ಲಿ ನಮ್ಮ ಚಿತ್ರಗಾರರು ಇನ್ನಷ್ಟು ಎಚ್ಚರ ವಹಿಸಬೇಕಿತ್ತು. ಹಳೆಯ ಸೀರೆಯಲ್ಲಿ ಸುತ್ತಿ ಆಟೋಗೆ ಹತ್ತಿಸಿದರು, ಚೌಕಟ್ಟಿನ ಒಂದು ಮೂಲೆ ತರಚಿದೆ.

ಬೆಲೆ ಹೆಚ್ಚಾಯಿತೇ ಎಂದು ಕೇಳಿದವರಿಗೆ ನನ್ನ ಉತ್ತರ ಇಲ್ಲವೆಂದೇ. ತಿಂಗಳುಗಟ್ಟಲೆಯ ಕಣ್ಣು, ಬೆನ್ನಿನ ಕೆಲಸಕ್ಕೂ ಚಿನ್ನಕ್ಕೂ ಅದು ನ್ಯಾಯವಾದ ಬೆಲೆ. ಕಂಸಾಳೆಗೆ ಚಿನ್ನ ಇಟ್ಟ ಬುದ್ಧಿಗೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ. ಮುಖದ ಕೊರತೆ ಇದ್ದರೂ ಈ ಕೈಗೆ ಮತ್ತೆ ಕೆಲಸ ಕೊಡುತ್ತೇನೆ, ಬೇರೆಯವರೂ ಕೊಡಲಿ ಎಂದು ಬಯಸುತ್ತೇನೆ. ಪಟದ ರೇಖೆಗಳನ್ನು ಟ್ರೇಸಿಂಗ್ ಹಾಳೆಯಲ್ಲಿ ತೆಗೆದು ಅವರು ತಮ್ಮ ಹಾಳೆಗಳ ಕಟ್ಟಿನಲ್ಲಿ ಸೇರಿಸಿಕೊಂಡಿದ್ದಾರೆ. ನಂಜನಗೂಡಿನ ಕಡೆಯವರೊಬ್ಬರು ಅದನ್ನು ಕಂಡು ತಮಗೂ ಅಂತಹುದೇ ಮಾದಪ್ಪ, ಸಂಕಮ್ಮ ಬೇಕೆಂದು ಕೇಳಿದ್ದಾರಂತೆ. ಅವರಿಗೆ ಒಡವೆ ಇರುವ ಹಾಳೆಯಿಂದ ಬರೆಯಲೋ ತಿದ್ದಿದ ಹಾಳೆಯಿಂದ ಬರೆಯಲೋ ಎಂದು ಚಿತ್ರಗಾರರು ಫೋನ್ ಮಾಡಿ ಕೇಳಿದರು. ತಿದ್ದಿದ ಹಾಳೆಯಿಂದಲೇ ಬರೆಯಿರಿ ಎಂದೆ. ಮುಖಕ್ಕೆ ಮಾದರಿಯಾಗಿ ಅತ್ತೆಯವರ ತಾಯಿಯ ಹಳೆಯ ಫೋಟೋ ಒಂದನ್ನು ಕಳುಹಿಸಿಕೊಟ್ಟಿದ್ದೇನೆ.